ಮಧ್ಯಮ ಬೆಲೆಯ ಇಯರ್‌ಫೋನ್: ಹೆಚ್ಚು ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತದೆ?

ಎರಡು ಸಾವಿರ ರೂಪಾಯಿಗೆ ಕಿವಿಗೆ ಹಿತವಾದ ಇಯರ್‌ಫೋನ್ ಸಿಗುವಾಗ ಎಂಟು ಸಾವಿರ ಏಕೆ ಕೊಡಬೇಕು? ಹತ್ತು ಹದಿನೈದು ವರ್ಷಗಳ ಹಿಂದೆ ಈ ಪ್ರಶ್ನೆಗೆ ಹೆಚ್ಚು ಯೋಚಿಸಬೇಕಿರಲಿಲ್ಲ. ಫೋನಿನ ಡಬ್ಬಿಯಲ್ಲಿ ಬರುತ್ತಿದ್ದ ಇಯರ್‌ಫೋನಿನಲ್ಲಿ ಮೃದಂಗದ ಎಡಗಡೆ ಕೇಳಿಸುತ್ತಲೇ ಇರಲಿಲ್ಲ, ಗಾಯಕಿ ತಾರಕ್ಕೆ ಏರಿದರೆ ಧ್ವನಿ ಕೀರಲಾಗುತ್ತಿತ್ತು. ಐದಾರು ಸಾವಿರ ಖರ್ಚು ಮಾಡಿದವರಿಗೆ ಮೊದಲ ಹಾಡಿನಲ್ಲೇ ವ್ಯತ್ಯಾಸ ತಿಳಿಯುತ್ತಿತ್ತು. ಈಗ ಅಗ್ಗದ ಮಾಲೇ ಮೇಲಕ್ಕೆ ಬಂದು ನಿಂತಿದೆ. ಹೀಗಾಗಿ ಮಧ್ಯಮ ಬೆಲೆಯವು ತಮ್ಮ ಬೆಲೆಗೆ ಹೊಸದಾಗಿ ಲೆಕ್ಕ ಕೊಡಬೇಕಾಗಿದೆ.

ಮಧ್ಯಮ ಬೆಲೆ ಎಂದು ಇಲ್ಲಿ ನಾನು ಕರೆಯುವುದು ಸುಮಾರು ಮೂರು ಸಾವಿರದಿಂದ ಹದಿನೈದು ಸಾವಿರ ರೂಪಾಯಿವರೆಗಿನ, ಕಿವಿಯ ನಾಳದೊಳಗೆ ಕೂರುವ ಇಯರ್‌ಫೋನ್‌ಗಳನ್ನು. ಮುಖ್ಯವಾಗಿ ವೈರ್ ಇರುವವು. ವೈರ್‌ಲೆಸ್ ವಿಚಾರ ಬೇರೆ, ಅದನ್ನು ನಡುವೆ ನೋಡೋಣ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಾದದ ಸಮತೋಲನ ಒಂದನ್ನೇ ನೋಡುವುದಾದರೆ ಈ ಹೆಚ್ಚಿನ ದುಡ್ಡಿಗೆ ಸಮರ್ಥನೆ ಸಿಗುವುದು ಕಷ್ಟ. ಕಿವಿಯಲ್ಲಿ ಸರಿಯಾಗಿ ಕೂರುವುದು, ಹೊರಗಿನ ಗದ್ದಲ ತಡೆಯುವುದು, ಎಡಬಲ ಒಂದಕ್ಕೊಂದು ಹೊಂದುವುದು, ಹಾಳಾದ ಭಾಗ ಬದಲಿಸಲು ಬರುವುದು, ಇವುಗಳಿಗಾಗಿಯಾದರೆ ಕೊಡಬಹುದು.

ಈ ಸಾಧನ ಮೊದಲು ದುಬಾರಿಯಾಗಿದ್ದಕ್ಕೆ ಕಾರಣ ಅದು ಹುಟ್ಟಿದ ಜಾಗದಲ್ಲಿದೆ. ಅಮೆರಿಕದ ಮೀಡ್ ಕಿಲಿಯನ್ ಶ್ರವಣಯಂತ್ರಗಳ ಮೇಲೆ ಕೆಲಸ ಮಾಡಿದ ವಿಜ್ಞಾನಿ. 1983ರಲ್ಲಿ ಎಟಿಮೋಟಿಕ್ ರಿಸರ್ಚ್ ಸಂಸ್ಥೆ ಕಟ್ಟಿದರು. 1991ರಲ್ಲಿ ಅವರ ಸಂಸ್ಥೆ ಹೊರತಂದ ಇಆರ್-4 ಇಯರ್‌ಫೋನಿನ ಒಳಗಿದ್ದುದು ಶ್ರವಣಯಂತ್ರದಲ್ಲಿ ಬಳಸುವ ಜಾತಿಯದೇ ಆದ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ‘ಬ್ಯಾಲೆನ್ಸ್ಡ್ ಆರ್ಮೇಚರ್’ ಡ್ರೈವರ್, ಅಂದರೆ ನಾದ ಹೊಮ್ಮಿಸುವ ಬಿಡಿಭಾಗ. ಇನ್ನೊಂದು ದಾರಿ ರಂಗದ ಮೇಲಿನಿಂದ ಬಂತು. 1995ರಲ್ಲಿ ಜೆರಿ ಹಾರ್ವಿ ಎಂಬ ಧ್ವನಿ ಎಂಜಿನಿಯರ್, ವ್ಯಾನ್ ಹೇಲನ್ ತಂಡದ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್ ಅವರಿಗೆ ರಂಗದ ಮೇಲೆ ತಮ್ಮ ವಾದನ ತಮಗೆ ಕೇಳಲೆಂದು ಕಿವಿಗೆ ಕೂರುವ ಮಾನಿಟರ್ ಮಾಡಿಕೊಟ್ಟರು. ಅಲ್ಟಿಮೇಟ್ ಇಯರ್ಸ್ ಕಂಪನಿ ಹುಟ್ಟಿದ್ದು ಅದರಿಂದ. ಕಿವಿಯ ಅಚ್ಚು ತೆಗೆಯಬೇಕು, ಸಣ್ಣ ಬಿಡಿಭಾಗಗಳನ್ನು ಕೈಯಲ್ಲಿ ಜೋಡಿಸಬೇಕು, ಆ ಭಾಗಗಳನ್ನು ಮಾಡುವವರೂ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಬೆಲೆ ಏರಿದ್ದು ಸಹಜ.

ಸ್ಮಾರ್ಟ್‌ಫೋನ್ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಬೇರೆಯವರ ಹೆಸರಿನಲ್ಲಿ ಮಾಲು ತಯಾರಿಸಿ ಪಳಗಿದ ಚೀನಾದ ಕಾರ್ಖಾನೆಗಳ ಸುತ್ತ ಹೊಸ ಬ್ರ್ಯಾಂಡ್‌ಗಳು ಎದ್ದವು. ಮನುಷ್ಯನ ಕಿವಿಯನ್ನು ಅನುಕರಿಸುವ ಅಳತೆಯ ಉಪಕರಣ (ಐಇಸಿ 60318-4 ಮಾನಕದ್ದು) ಒಂದು ಕಾಲಕ್ಕೆ ದೊಡ್ಡ ಪ್ರಯೋಗಾಲಯಗಳ ಸೊತ್ತಾಗಿತ್ತು. ಅದರ ಅಗ್ಗದ ಪ್ರತಿಗಳು ಬಂದ ಮೇಲೆ ಸಣ್ಣ ಕಂಪನಿಗಳೂ ಹವ್ಯಾಸಿಗಳೂ ಅಳೆದು ತಿದ್ದತೊಡಗಿದರು. 2022ರಲ್ಲಿ ಚೆಂಗ್ಡುವಿನ ಮೂನ್‌ಡ್ರಾಪ್ ಕಂಪನಿಯ ‘ಚು’, 7ಹರ್ಟ್ಸ್ ಕಂಪನಿಯ ‘ಸಾಲ್‌ನೋಟ್ಸ್ ಝೀರೊ’ ಎರಡೂ 20 ಡಾಲರ್ ಆಸುಪಾಸಿನ ಬೆಲೆಗೆ ಬಂದವು. ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ಅಚ್ಚುಕಟ್ಟಾದ ನಾದ ಅದಕ್ಕೂ ಮೊದಲು ಸಿಗುತ್ತಿರಲಿಲ್ಲ.

ಬೆಲೆಗೂ ನಾದಕ್ಕೂ ಇರುವ ಸಂಬಂಧವನ್ನು ಗಂಭೀರವಾಗಿ ಅಳೆದವರೂ ಇದ್ದಾರೆ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕಿವಿಯೊಳಗೆ ಕೂರುವವು, ಕಿವಿಯ ಮೇಲೆ ಕೂರುವವು, ಕಿವಿಯನ್ನೇ ಮುಚ್ಚುವವು ಎಲ್ಲ ಸೇರಿ 283 ಹೆಡ್‌ಫೋನ್‌ಗಳ ಅಳತೆ ಅದರಲ್ಲಿತ್ತು. ಮಂದ್ರದಿಂದ ತಾರದವರೆಗೆ ಯಾವ ಕಂಪನಾಂಕವನ್ನು ಎಷ್ಟು ಜೋರಾಗಿ ನುಡಿಸುತ್ತದೆ ಎಂಬ ರೇಖೆಗೂ ಅಂಗಡಿಯ ಬೆಲೆಗೂ ಏನೂ ನಂಟಿಲ್ಲ ಎಂಬುದು ಅವರು ಕಂಡ ಫಲಿತಾಂಶ. ದುಬಾರಿಯಾದದ್ದೆಲ್ಲ ಆದರ್ಶ ರೇಖೆಗೆ ಹತ್ತಿರವಿರಲಿಲ್ಲ, ಅಗ್ಗವಾದದ್ದೆಲ್ಲ ದೂರವೂ ಇರಲಿಲ್ಲ.

ಹಾಗಾದರೆ ಆದರ್ಶ ರೇಖೆ ಯಾವುದು, ಅದನ್ನು ಹೇಳುವವರು ಯಾರು? ಈ ಕೆಲಸವನ್ನು ಹೆಚ್ಚು ಶ್ರದ್ಧೆಯಿಂದ ಮಾಡಿದವರು ಹಾರ್ಮನ್ ಕಂಪನಿಯ ಷಾನ್ ಆಲಿವ್ ಮತ್ತು ಅವರ ಜೊತೆಗಾರರು. ಕೇಳುಗರಿಗೆ ಬ್ರ್ಯಾಂಡ್ ಕಂಡರೆ, ಬೆಲೆ ಗೊತ್ತಾದರೆ ಅಭಿಪ್ರಾಯ ಅತ್ತ ವಾಲುತ್ತದೆ ಎಂಬುದನ್ನು ಆಲಿವ್ ಮತ್ತು ಫ್ಲಾಯ್ಡ್ ಟೂಲ್ 1994ರಲ್ಲೇ ಸ್ಪೀಕರ್‌ಗಳ ವಿಚಾರದಲ್ಲಿ ತೋರಿಸಿದ್ದರು. ಇಯರ್‌ಫೋನಿನಲ್ಲಿ ಮರೆಮಾಚುವುದು ಇನ್ನೂ ಕಷ್ಟ. ಕಿವಿಗೆ ಹಾಕಿದ ಕೂಡಲೇ ಆಕಾರ, ತೂಕ ಎಲ್ಲ ತಿಳಿದುಬಿಡುತ್ತದೆ. ಅದಕ್ಕೆ ಆಲಿವ್ ತಂಡದವರು ಒಂದೇ ಇಯರ್‌ಫೋನನ್ನು ಎಲ್ಲರ ಕಿವಿಗೆ ಕೊಟ್ಟು, ಅದರ ನಾದವನ್ನು ಕಂಪ್ಯೂಟರಿನಿಂದ ತಿದ್ದಿ ಬೇರೆ ಬೇರೆ ಮಾದರಿಗಳ ಹಾಗೆ ನುಡಿಸಿದರು. 2017ರ ಆ ಅಧ್ಯಯನದಲ್ಲಿ 30 ಮಾದರಿಗಳನ್ನು 71 ಜನ ಕೇಳಿ ಅಂಕ ಕೊಟ್ಟರು. ರೇಖೆಯನ್ನು ನೋಡಿಯೇ ಜನ ಎಷ್ಟು ಮೆಚ್ಚುತ್ತಾರೆಂದು ಬಹುಮಟ್ಟಿಗೆ ಸರಿಯಾಗಿ ಊಹಿಸಬಹುದು ಎಂದು ಆ ಅಂಕಗಳಿಂದ ತಿಳಿಯಿತು. ರುಚಿಭೇದ ಇಲ್ಲವೆಂದಲ್ಲ. ತಲೆಯ ಮೇಲೆ ಧರಿಸುವ ಹೆಡ್‌ಫೋನ್‌ಗಳ ಬಗ್ಗೆ ಅವರೇ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಸುಮಾರು ಶೇ. 64 ಜನ ಒಂದೇ ಬಗೆಯ ಸಮತೋಲನವನ್ನು ಮೆಚ್ಚಿದ್ದರು. ಉಳಿದವರಲ್ಲಿ ಕೆಲವರಿಗೆ ಬಾಸ್ ಇನ್ನಷ್ಟು ಬೇಕಿತ್ತು, ಕೆಲವರಿಗೆ ಕಡಿಮೆ ಬೇಕಿತ್ತು. ಅಂದರೆ ಭೇದ ಇರುವುದು ಬಹುಪಾಲು ಬಾಸಿನಲ್ಲಿ. ಫೋನಿನಲ್ಲೇ ಇರುವ ಈಕ್ವಲೈಝರಿನಿಂದ ಅದನ್ನು ಪುಕ್ಕಟೆಯಾಗಿ ಸರಿಮಾಡಿಕೊಳ್ಳಬಹುದು.

ಈ ಅಧ್ಯಯನಗಳನ್ನು ಹಿಡಿದುಕೊಂಡು ‘ಅಗ್ಗದ್ದೇ ಸಾಕು, ಉಳಿದದ್ದೆಲ್ಲ ಮೋಸ’ ಎಂದು ತೀರ್ಪು ಕೊಡುವವರಿದ್ದಾರೆ. ಅದು ಅವಸರದ ಮಾತು. ಬ್ರೇಬಾರ್ಟ್ ಅಳೆದದ್ದು ಯಂತ್ರದ ಕಿವಿಯಲ್ಲಿ. ಅದರ ನಾಳ ನೇರ, ಗಾತ್ರ ಒಂದೇ, ಇಯರ್‌ಫೋನಿನ ತುದಿಯ ಮೆದು ಟಿಪ್ ಅಲ್ಲಿ ಗಟ್ಟಿಯಾಗಿ ಕೂರುತ್ತದೆ. ನನ್ನ ನಿಮ್ಮ ಕಿವಿ ಹಾಗಿಲ್ಲ.

ತೆರೆದ ಕಿವಿಯ ನಾಳ ಒಂದು ಕಡೆ ತಮಟೆಯಿಂದ ಮುಚ್ಚಿದ, ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕೊಳವೆ. ಅದು 3,000 ಹರ್ಟ್ಸ್ ಆಸುಪಾಸಿನ ನಾದವನ್ನು ತಾನಾಗಿ ಹಿಗ್ಗಿಸುತ್ತದೆ. ಹುಟ್ಟಿದಾಗಿನಿಂದ ನಾವು ಜಗತ್ತನ್ನು ಆ ಹಿಗ್ಗಿನೊಂದಿಗೇ ಕೇಳಿದ್ದೇವೆ. ಇಯರ್‌ಫೋನ್ ನಾಳದ ಬಾಯಿಯನ್ನೇ ಮುಚ್ಚುವುದರಿಂದ ಆ ಹಿಗ್ಗು ಇಲ್ಲವಾಗುತ್ತದೆ. ತಯಾರಕರು ಅದನ್ನು ಡ್ರೈವರಿನಿಂದಲೇ ಮರಳಿ ಕೊಡಬೇಕು. ಕೊಟ್ಟದ್ದು ಕಡಿಮೆಯಾದರೆ ಹಾಡುವವರು ದೂರ ಸರಿದು ನಿಂತಂತೆ ಆಗುತ್ತದೆ, ಹೆಚ್ಚಾದರೆ ಧ್ವನಿ ಚುಚ್ಚುತ್ತದೆ. ಮುಚ್ಚಿದ ನಾಳದಲ್ಲಿ ಇನ್ನೊಂದು ಅನುರಣನವೂ ಹುಟ್ಟುತ್ತದೆ, ಹೆಚ್ಚಾಗಿ 7,000–8,000 ಹರ್ಟ್ಸ್ ಸುತ್ತ. ಟಿಪ್ ಎಷ್ಟು ಒಳಗೆ ಹೋಗಿದೆ ಎಂಬುದರ ಮೇಲೆ ಅದರ ಜಾಗ ಬದಲಾಗುತ್ತದೆ. ಒಂದೇ ಇಯರ್‌ಫೋನ್ ಅಣ್ಣನಿಗೆ ಹಿತವಾಗಿ, ತಂಗಿಗೆ ‘ಸ’ ‘ಶ’ ಅಕ್ಷರಗಳಲ್ಲಿ ಕಿವಿ ಇರಿಯುವಂತೆ ಕೇಳುವುದು ಇದರಿಂದಲೇ. ಇಬ್ಬರ ಮಾತೂ ನಿಜ.

ಎಲ್ಲಕ್ಕಿಂತ ದೊಡ್ಡ ವಿಷಯ ಬಿಗಿತ. ಟಿಪ್ಪಿಗೂ ನಾಳಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಬಾಸ್ ಸೋರಿಹೋಗುತ್ತದೆ. ಬೆಲೆಯ ವ್ಯತ್ಯಾಸದಿಂದ ಬಂತೆಂದು ಜನ ಹೇಳುವ ಎಷ್ಟೋ ಬದಲಾವಣೆಗಳಿಗಿಂತ ಈ ಸೋರಿಕೆಯಿಂದ ಆಗುವ ಬದಲಾವಣೆ ದೊಡ್ಡದು. ಡಬ್ಬಿಯಲ್ಲಿ ಬಂದ ನಡುಗಾತ್ರದ ಟಿಪ್ಪನ್ನು ಹಾಗೇ ಸಿಕ್ಕಿಸಿಕೊಂಡು ‘ಇದರಲ್ಲಿ ಬಾಸೇ ಇಲ್ಲ’ ಎಂದು ವಾಪಸ್ ಕಳಿಸುವವರು ಬಹಳ. ಕೊಳ್ಳುವ ಮೊದಲು ಕಿವಿಗೆ ಹಾಕಿ ನೋಡಲು ಬಿಡುವ ಅಂಗಡಿಗಳು ನಮ್ಮಲ್ಲಿ ವಿರಳ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಸಾಲಿನಲ್ಲಿ ಮಾಲಿಗೆ ಬರವಿಲ್ಲ, ಆದರೆ ಕಿವಿಯೊಳಗೆ ಹೋಗುವ ವಸ್ತುವನ್ನು ಬಿಚ್ಚಿ ಕೊಡಲು ಒಪ್ಪುವವರು ಕಡಿಮೆ, ಸ್ವಚ್ಛತೆಯ ದೃಷ್ಟಿಯಿಂದ ಅದು ನ್ಯಾಯವೂ ಹೌದು. ಹಾಗಾಗಿ ಮೂರ್ನಾಲ್ಕು ಗಾತ್ರದ, ಬೇರೆ ಬೇರೆ ಮೆದುತನದ ಸಿಲಿಕೋನ್ ಟಿಪ್‌ಗಳಿಗೂ ಒಂದು ಜೊತೆ ಫೋಮ್ ಟಿಪ್ಪಿಗೂ ಕೆಲವು ನೂರು ರೂಪಾಯಿ ಎತ್ತಿಡಬೇಕು. ಈ ಇಡೀ ವ್ಯವಹಾರದಲ್ಲಿ ಇಷ್ಟು ಚೆನ್ನಾಗಿ ಫಲ ಕೊಡುವ ಇನ್ನೊಂದು ಖರ್ಚು ನನಗೆ ಕಂಡಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ: ಎಂಟು ಸಾವಿರ ಕೊಟ್ಟಾಗ ಏನು ಹೆಚ್ಚು ಸಿಗುತ್ತದೆ?

ಜಾಹೀರಾತು ಮೊದಲು ಹೇಳುವುದು ಡ್ರೈವರುಗಳ ಲೆಕ್ಕ. ಒಂದು ಕಿವಿಗೆ ನಾಲ್ಕು, ಆರು, ಎಂಟು. ಇದಕ್ಕೆ ಮರುಳಾಗಬೇಕಿಲ್ಲ. ಜರ್ಮನಿಯ ಸೆನ್‌ಹೈಸರ್ ಕಂಪನಿ 2021ರಲ್ಲಿ ಬಿಟ್ಟ ಐಇ 900ರ ಬೆಲೆ ಸುಮಾರು 1,300 ಡಾಲರ್. ಅದರಲ್ಲಿರುವುದು 7 ಮಿಲಿಮೀಟರಿನ ಒಂದೇ ಡ್ರೈವರ್. ಅದೇ ಸಾಲಿನ ಐಇ 200 ಬಂದದ್ದು 2023ರಲ್ಲಿ, ಸುಮಾರು 150 ಡಾಲರಿಗೆ. ಅದರಲ್ಲೂ 7 ಮಿಲಿಮೀಟರಿನದೇ ಒಂದು ಡ್ರೈವರ್. ದುಬಾರಿಯದರಲ್ಲಿ ಅಲ್ಯುಮಿನಿಯಂ ಕವಚವನ್ನು ಕೊರೆದು, ಅನುರಣನ ತಗ್ಗಿಸುವ ಪುಟ್ಟ ಕೋಣೆಗಳನ್ನು ಒಳಗೆ ಮಾಡಿದ್ದಾರೆ. ಹೆಚ್ಚಿನ ದುಡ್ಡಿನ ದೊಡ್ಡ ಪಾಲು ಆ ಕೊರೆತದ ಕೆಲಸಕ್ಕೂ ಹೆಸರಿಗೂ ಹೋಗುತ್ತದೆ. ಕೆಲಸ ಚೆನ್ನಾಗಿದೆ, ನಿಜ. ಆದರೆ ಕೇಳುವವನಿಗೆ ಸಿಗುವ ಸುಖ ಒಂಬತ್ತು ಪಟ್ಟು ಬೆಳೆಯುವುದಿಲ್ಲ. ತಂತ್ರಜ್ಞಾನ ಕೆಳಗಿಳಿಯುವ ವೇಗವನ್ನೂ ಗಮನಿಸಬೇಕು. 2021ರಲ್ಲಿ 14.2 ಮಿಲಿಮೀಟರಿನ ಪ್ಲಾನರ್ (ಚಪ್ಪಟೆ ತೆಳುಪೊರೆಯ) ಡ್ರೈವರ್ ಇದ್ದ 7ಹರ್ಟ್ಸ್ ‘ಟೈಮ್‌ಲೆಸ್’ 220 ಡಾಲರ್ ಆಸುಪಾಸಿಗೆ ಬಂದಾಗ ಅದೇ ಅಗ್ಗವೆನಿಸಿತ್ತು. ಅದೇ ಬಗೆಯ ಡ್ರೈವರ್ ಕೆಲವೇ ವರ್ಷಗಳಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಇಳಿಯಿತು. ಹೊಸತನಕ್ಕೆಂದು ಕೊಡುವ ದುಡ್ಡು ಬೇಗ ಕರಗುತ್ತದೆ.

ನಿಜವಾಗಿ ಸಿಗುವುದು ಬೇರೆ ಕಡೆ ಇದೆ. ಮೊದಲನೆಯದು ಎಡಬಲದ ಹೊಂದಾಣಿಕೆ. ಅತಿ ಅಗ್ಗದ ಮಾದರಿಗಳಲ್ಲಿ ಒಂದು ಜೊತೆ ಚೆನ್ನಾಗಿದ್ದರೆ ಇನ್ನೊಂದು ಜೊತೆಯಲ್ಲಿ ಎಡದ್ದು ಬಲದ್ದಕ್ಕಿಂತ ಎರಡು ಡೆಸಿಬೆಲ್ ಕೆಳಗಿರಬಹುದು; ಗಾಯಕಿ ನಟ್ಟನಡುವೆ ನಿಲ್ಲದೆ ಒಂದು ಪಕ್ಕಕ್ಕೆ ವಾಲಿಬಿಡುತ್ತಾಳೆ. ಒಳ್ಳೆಯ ಮಧ್ಯಮ ಬೆಲೆಯ ತಯಾರಕರು ಎರಡು ಬದಿಯನ್ನೂ ಅಳೆದು ಜೋಡಿ ಕಟ್ಟುತ್ತಾರೆ. ಎರಡನೆಯದು ಕವಚ. ಕಿವಿಯ ತಗ್ಗುಗಳಿಗೆ ಹೊಂದುವಂತೆ ಮಾಡಿದ ರೆಸಿನ್ ಕವಚ ಎರಡು ಗಂಟೆ ಕೂತರೂ ನೋಯಿಸದು. ಇದು ಕೇಳಲು ಸಣ್ಣ ವಿಷಯ, ದಿನಾ ನಾಲ್ಕು ಗಂಟೆ ಕಿವಿಗೆ ಹಾಕಿಕೊಳ್ಳುವವರಿಗೆ ಸಣ್ಣದಲ್ಲ. ಮೂರನೆಯದು ಬಿಚ್ಚಿ ಬದಲಿಸಬಹುದಾದ ಕೇಬಲ್. ವೈರ್ ಇಯರ್‌ಫೋನ್ ಸಾಯುವುದು ಬಹುಮಟ್ಟಿಗೆ ಜ್ಯಾಕಿನ ಹತ್ತಿರ ಅಥವಾ ಕಿವಿಯ ಬುಡದಲ್ಲಿ ತಂತಿ ಮುರಿದು. ಕೇಬಲ್ ಬಿಚ್ಚಲು ಬಂದರೆ ನಾಲ್ಕೈದು ನೂರರಲ್ಲಿ ಅದು ಮರುಹುಟ್ಟು ಪಡೆಯುತ್ತದೆ. ಆದರೆ ಈ ಅನುಕೂಲವೂ ಈಗ ಮಧ್ಯಮ ಬೆಲೆಯ ಏಕಸ್ವಾಮ್ಯವಾಗಿ ಉಳಿದಿಲ್ಲ: ಮೊದಲ ‘ಚು’ವಿನ ಕೇಬಲ್ ಬಿಚ್ಚಲು ಬರುತ್ತಿರಲಿಲ್ಲ, ಮರುವರ್ಷದ ‘ಚು 2’ರಲ್ಲಿ ಬಂತು, ಬೆಲೆ ಹೆಚ್ಚಲಿಲ್ಲ. ಹೀಗೆ ಕೆಳಗಿನಿಂದ ಒತ್ತಡ ಬರುತ್ತಲೇ ಇದೆ.

ನಾಲ್ಕನೆಯದು ಹೊರಗಿನ ಸದ್ದನ್ನು ತಡೆಯುವ ಗುಣ. ನನ್ನ ಮಟ್ಟಿಗೆ ದುಡ್ಡಿಗೆ ಅತಿ ಗಟ್ಟಿಯಾದ ಸಮರ್ಥನೆ ಇಲ್ಲಿದೆ, ಏಕೆಂದರೆ ಇದು ಆರೋಗ್ಯದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಮಟ್ಟ 3 ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಹೊತ್ತು ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್ ಮುಟ್ಟಿದರೆ ವಾರಕ್ಕೆ ಉಳಿಯುವುದು ಸುಮಾರು 4 ಗಂಟೆ. ಮೆಜೆಸ್ಟಿಕ್ಕಿನಿಂದ ಹೊರಟ ಬಸ್ಸಿನಲ್ಲಿ ಕೂತು ಸಡಿಲವಾದ ಇಯರ್‌ಫೋನಿನಲ್ಲಿ ಹಾಡು ಕೇಳುವವರು ಎಂಜಿನ್ನಿನ ಮೇಲೆ ಗೆಲ್ಲಲು ಸದ್ದು ಏರಿಸುತ್ತಲೇ ಹೋಗುತ್ತಾರೆ, ಏರಿಸಿದ್ದು ಅವರಿಗೆ ತಿಳಿಯುವುದೂ ಇಲ್ಲ. ಬಿಗಿಯಾಗಿ ಕೂತು ಗದ್ದಲ ತಗ್ಗಿಸುವ ಇಯರ್‌ಫೋನ್ ಆ ಒತ್ತಾಯವನ್ನು ಕಿತ್ತುಹಾಕುತ್ತದೆ. ಕಿವಿಯೊಳಗಿನ ಕೇಶಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಹದಿಹರೆಯದ ಮಕ್ಕಳಿಗೆ ಇಯರ್‌ಫೋನ್ ಕೊಡಿಸುವ ತಂದೆತಾಯಿ ನಾದಕ್ಕಿಂತ ಮೊದಲು ಇದನ್ನು ನೋಡಬೇಕೆಂದು ಕೈಮುಗಿದು ಕೇಳುತ್ತೇನೆ.

ವೈರ್‌ಲೆಸ್ ಬಡ್ಸ್‌ಗಳಲ್ಲಿ ಇದೇ ಕೆಲಸವನ್ನು ವಿದ್ಯುನ್ಮಾನ ಶಬ್ದನಿವಾರಣೆ ಮಾಡುತ್ತದೆ. ಎಂಜಿನ್ನಿನ ಗುಂಯ್ಗುಡುವಿಕೆ, ವಿಮಾನದ ಮೊರೆತ, ಫ್ಯಾನಿನ ಸದ್ದಿನಂಥ ಕೆಳಸ್ತರದ, ಒಂದೇ ಸಮನೆ ಬರುವ ಸದ್ದಿನ ಮೇಲೆ ಅದರ ಕೈ ಮೇಲು. ಮಾತು, ಹಾರನ್ನಿನಂಥವನ್ನು ತಡೆಯಲು ಟಿಪ್ಪಿನ ಬಿಗಿತವೇ ಬೇಕು. ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೋ ಮಂಗಳೂರಿಗೋ ಆಗಾಗ ಹೋಗುವವರು ಎಂಟು ಸಾವಿರವನ್ನು ಇದಕ್ಕೆ ಹಾಕಿದರೆ ತಪ್ಪೆನ್ನಲಾರೆ. ಆದರೆ ಅದರ ಆಯುಸ್ಸನ್ನು ಲೆಕ್ಕಕ್ಕೆ ಹಿಡಿಯಬೇಕು. ಕಡಲೆಕಾಳಿನಷ್ಟು ಲಿಥಿಯಂ ಬ್ಯಾಟರಿ ದಿನಾ ತುಂಬಿ ಬರಿದಾಗಿ ಎರಡು ಮೂರು ವರ್ಷಗಳಲ್ಲಿ ಸೋಲುತ್ತದೆ, ಬಹುತೇಕ ಮಾದರಿಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ. ಎಂಟು ಸಾವಿರವನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಎರಡೂವರೆ ಸಾವಿರ ದಾಟಿತು. ವೈರಿನದು ಕೇಬಲ್ ಬದಲಿಸುತ್ತಾ ಹತ್ತು ವರ್ಷ ಬಂದೀತು. ಫೋನಿನಲ್ಲಿ ಜ್ಯಾಕ್ ಇಲ್ಲವೆಂಬುದು ದೊಡ್ಡ ಅಡ್ಡಿಯಲ್ಲ. ಸಾವಿರದೊಳಗಿನ ಒಂದು ಯುಎಸ್‌ಬಿ-ಸಿ ಅಡಾಪ್ಟರ್ ಸಾಕು. ಬಹುಪಾಲು ಇಯರ್‌ಫೋನ್‌ಗಳು ಅತ್ಯಲ್ಪ ವಿದ್ಯುತ್ತಿಗೇ ಜೋರಾಗಿ ನುಡಿಯುವುದರಿಂದ ಬೇರೆ ಆಂಪ್ಲಿಫೈಯರ್ ಅನಗತ್ಯ. ಬೆಳ್ಳಿ ಲೇಪದ ದುಬಾರಿ ಕೇಬಲಿಗೂ ಇದೇ ಮಾತು.

ಇನ್ನು ಕೇಳಿ ನೋಡುವ ಬಗೆ. ಅಂಗಡಿಯವರು ಹಾಕುವ ಮಾದರಿ ಹಾಡಿನಲ್ಲಿ ಎಲ್ಲವೂ ಚೆಂದ ಕೇಳುತ್ತದೆ. ನಿಮಗೆ ಬಾಯಿಪಾಠವಾದ ಧ್ವನಿಗಳನ್ನೇ ಒಯ್ಯಿರಿ. ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠ ಒಳ್ಳೆಯ ಪರೀಕ್ಷೆ: 200 ಹರ್ಟ್ಸ್ ಸುತ್ತ ಅತಿಯಾಗಿ ಊದಿಸಿದ ಇಯರ್‌ಫೋನಿನಲ್ಲಿ ಆ ಕಂಠದ ಅಂಚು ಮಸುಕಾಗಿ, ಸ್ವರದಿಂದ ಸ್ವರಕ್ಕೆ ಹೋಗುವ ಮೀಂಡಿನ ಜಾಡು ಮಬ್ಬಾಗುತ್ತದೆ. ಎಸ್. ಜಾನಕಿಯವರ ಹಳೆಯ ಚಿತ್ರಗೀತೆಗಳು ಇನ್ನೊಂದು ತುದಿಯನ್ನು ತೋರಿಸುತ್ತವೆ. ಟ್ರೆಬಲ್ ಅತಿಯಾದರೆ ‘ಸ’ಕಾರಗಳು ಸಿಡಿಯುತ್ತವೆ, ಟೇಪಿನ ಹಿಸ್ಸೆನ್ನುವ ಸದ್ದು ಹಾಡಿಗಿಂತ ಮುಂದೆ ಬರುತ್ತದೆ. ‘ವಿವರ ಹೆಚ್ಚು ಕೇಳುತ್ತದೆ’ ಎಂದು ಜನ ಹೊಗಳುವುದರಲ್ಲಿ ಎಷ್ಟೋ ಸಲ ಇರುವುದು ಈ ಎತ್ತರಿಸಿದ ಟ್ರೆಬಲ್ ಅಷ್ಟೇ. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟಿನ ಸದ್ದೂ ಅದರ ಹಿಂದೆ ಉಳಿಯುವ ನಾದವೂ ಎರಡೂ ಸಿಗಬೇಕು. ಮೀಟು ಮಾತ್ರ ಚುರುಕಾಗಿ ನಾದ ಬೇಗ ಆರಿಹೋದರೆ ಆ ಇಯರ್‌ಫೋನ್ ನಮ್ಮ ಸಂಗೀತಕ್ಕಲ್ಲ. ಮೃದಂಗದ ಎಡಮುಖದ ಗುಮಕಿ ಮೇಲೇರಿ ಇಳಿಯುವಾಗ ಶ್ರುತಿ ತಿಳಿಯಬೇಕು, ಬರೀ ದಡಬಡವಾಗಬಾರದು. ಹಿಂದೆ ತಂಬೂರಿಯ ಜೀವಾಳಿ ಹರಡಿಕೊಂಡಿರಬೇಕು. ಹಳೆಯ ಧ್ವನಿಮುದ್ರಣಗಳು ಮೊನೊ ಆದ್ದರಿಂದ ಅವುಗಳಲ್ಲಿ ಎಡಬಲದ ವಿಸ್ತಾರ ಹುಡುಕಿ ಪ್ರಯೋಜನವಿಲ್ಲ, ಆದರೆ ಎಡಬಲ ಸಮವಿದೆಯೇ ಎಂದು ನೋಡಲು ಮೊನೊದಂಥ ಸಾಧನ ಬೇರಿಲ್ಲ: ಧ್ವನಿ ನೆತ್ತಿಯ ನಡುವಿನಿಂದ ಕದಲಿದರೆ ಜೋಡಿ ಸರಿಯಿಲ್ಲ, ಇಲ್ಲವೇ ಒಂದು ಟಿಪ್ ಸರಿಯಾಗಿ ಕೂತಿಲ್ಲ.

ಎರಡು ಇಯರ್‌ಫೋನ್‌ಗಳನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಬೇಕು. ಒಂದೆರಡು ಡೆಸಿಬೆಲ್ ಜೋರಾಗಿರುವುದೇ ನಮಗೆ ‘ಹೆಚ್ಚು ತುಂಬಿದೆ, ಹೆಚ್ಚು ಸ್ಪಷ್ಟವಾಗಿದೆ’ ಎನಿಸುತ್ತದೆ. ಸಾಧ್ಯವಾದರೆ ಯಾವುದು ದುಬಾರಿ ಎಂದು ಹೇಳದೆ ಮನೆಯ ಇನ್ನೊಬ್ಬರ ಕೈಗೆ ಕೊಟ್ಟು ಅಭಿಪ್ರಾಯ ಕೇಳಿ. ಬಳಸಿದಂತೆ ನಾದ ಪಳಗುತ್ತದೆ ಎಂಬ ಮಾತನ್ನು ನಂಬಿ ವಾಪಸ್ ಕೊಡುವ ಅವಧಿ ಕಳೆದುಕೊಳ್ಳಬೇಡಿ; ಪಳಗುವುದು ಬಹುಮಟ್ಟಿಗೆ ನಮ್ಮ ಕಿವಿ.

ಹಾಗಾದರೆ ಎಷ್ಟು ಕೊಡಬೇಕು? ಮೊದಲ ಸಲ ಕೊಳ್ಳುವವರಿಗೆ ಎರಡು ಸಾವಿರದ ವೈರ್ ಮಾದರಿ, ಬಿಚ್ಚುವ ಕೇಬಲಿನದು, ಜೊತೆಗೆ ಬೇರೆ ಟಿಪ್‌ಗಳು. ಅದನ್ನು ಕೆಲವು ತಿಂಗಳು ಬಳಸಿದ ಮೇಲೆ ಏನು ಸಾಲದು ಎಂದು ಒಂದು ವಾಕ್ಯದಲ್ಲಿ ಹೇಳಲು ಬಂದರೆ ಮಾತ್ರ ಮುಂದಿನ ಮೆಟ್ಟಿಲು ಏರಬೇಕು. ‘ಕಿವಿ ನೋಯುತ್ತದೆ’, ‘ಬಸ್ಸಿನ ಸದ್ದು ಒಳಗೆ ಬರುತ್ತದೆ’, ‘ಧ್ವನಿ ಎಡಕ್ಕೆ ವಾಲುತ್ತದೆ’ ಎಂಬಂಥ ಕೊರತೆಗಳಿಗೆ ಐದರಿಂದ ಎಂಟು ಸಾವಿರದೊಳಗೆ ನಿಜವಾದ ಪರಿಹಾರ ಇದೆ. ಸಂಗೀತ ಕಲಿಯುವ ಮಕ್ಕಳು, ದಿನವಿಡೀ ಕರೆಗಳಲ್ಲಿ ಇರುವವರು, ಧ್ವನಿ ಸಂಕಲನ ಮಾಡುವವರು ಅಷ್ಟು ಕೊಟ್ಟರೆ ದುಡ್ಡು ಹಾಳಾಗದು. ‘ಇನ್ನೂ ಚೆನ್ನಾಗಿ ಕೇಳಬೇಕು’ ಎಂಬ ಬರೀ ಆಸೆಗೆ ಅದೇ ದುಡ್ಡು ಸುರಿದರೆ ಸಿಗುವುದು ಬೇರೆ ಬಗೆಯ ನಾದ, ಅದು ಮೇಲಿನದಾಗಿರಬೇಕೆಂದೇನಿಲ್ಲ. ಹದಿನೈದು ಸಾವಿರದ ಸುತ್ತಲಿನವು ನನಗೆ ಎಲ್ಲಕ್ಕಿಂತ ದುರ್ಬಲವಾಗಿ ಕಾಣುತ್ತವೆ. ಎಂಟು ಸಾವಿರದವುಗಳು ಕೊಡದ ಅನುಕೂಲ ಅವುಗಳಲ್ಲಿ ಕಡಿಮೆ. ಕೊಳ್ಳುವಾಗ ಭಾರತದಲ್ಲಿ ವಾರಂಟಿ ಹೊಣೆ ಹೊತ್ತ ಮಾರಾಟಗಾರರಿಂದಲೇ ಕೊಳ್ಳಿ. ಹೊರಗಿನಿಂದ ನೇರ ತರಿಸಿದ ಅಗ್ಗದ ಬೆಲೆಗೆ ಸುಂಕ ಸೇರಿದ ಮೇಲೆ ಉಳಿತಾಯವೂ ಇರುವುದಿಲ್ಲ, ಕೆಟ್ಟರೆ ಕೇಳುವವರೂ ಇರುವುದಿಲ್ಲ.

ಮನೆಯ ಹಿರಿಯರಿಗೆ ಕೊಡಿಸುವಾಗ ಲೆಕ್ಕ ಇನ್ನೂ ಬೇರೆ. ಅರವತ್ತು ದಾಟಿದ ಕಿವಿಗೆ ಮೇಲಿನ ಕಂಪನಾಂಕಗಳು ಬಹಳಷ್ಟು ಕೇಳುವುದೇ ಇಲ್ಲ, ಹಾಗಾಗಿ 20,000 ಹರ್ಟ್ಸ್ ಆಚೆಗೂ ನುಡಿಯುತ್ತದೆಂದು ಡಬ್ಬಿಯ ಮೇಲೆ ಬರೆದದ್ದಕ್ಕೆ ಕೊಟ್ಟ ಪ್ರತಿ ರೂಪಾಯಿಯೂ ವ್ಯರ್ಥ. ಅವರಿಗೆ ಬೇಕಾದದ್ದು ಮಾತಿನ ಅಕ್ಷರಗಳು ಸ್ಪಷ್ಟವಾಗುವ 1,000ದಿಂದ 4,000 ಹರ್ಟ್ಸ್ ನಡುವಿನ ನಿಖರತೆ, ಮೆತ್ತಗಿನ ಟಿಪ್, ಎಡಬಲ ಗುರುತು ಕನ್ನಡಕವಿಲ್ಲದೆ ಕಾಣುವ ಕವಚ. ಕಿವಿಗುಗ್ಗೆಯ ತೊಂದರೆ ಇದ್ದವರಿಗೆ ನಾಳವನ್ನು ಬಿಗಿಯಾಗಿ ಮುಚ್ಚುವ ಮಾದರಿಯೇ ಸಲ್ಲದು. ಕಿವಿಯ ಬಾಗಿಲಲ್ಲಿ ಹಗುರವಾಗಿ ಕೂರುವ ಹಳೆಯ ನಮೂನೆಯ ಇಯರ್‌ಬಡ್ ಐದುನೂರರಿಂದ ಸಾವಿರದೊಳಗೆ ಸಿಗುತ್ತದೆ, ಬೆಳಗಿನ ಆಕಾಶವಾಣಿಗೂ ರಾತ್ರಿಯ ಯಕ್ಷಗಾನಕ್ಕೂ ಅದು ಸಾಕಾಗುತ್ತದೆ.